ಸರ್ಕಾರ ಅಭಿಪ್ರಾಯ ಕೇಳಿದರೆ ಕನ್ನಡ ಸಂಘ ಹೋಗಬೇಕೇ?

ಆಸ್ಟ್ರೇಲಿಯದ ಭಯೋತ್ಪಾದನೆ ತಡೆ ಕಾನೂನುಗಳ ಪರಿಣಾಮದ ಬಗ್ಗೆ ಸಮುದಾಯ ಸಂಘಗಳ ಮಾತು ಕೇಳುವ ಸಭೆಗೆ ನಮಗೂ ಕರೆ ಬಂದಿದೆ ಎಂದು ಕಾರ್ಯದರ್ಶಿಗಳು ತಿಳಿಸಿದ್ದಾರೆ. ಹೋಗಬೇಕೇ ಎಂಬುದಕ್ಕೆ ಇಲ್ಲಿ ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ಯುಗಾದಿ, ರಾಜ್ಯೋತ್ಸವ ಮಾಡಿಕೊಂಡಿರುವ ನಮಗೆ ಊರ ಉಸಾಬರಿ ಏಕೆ, ಅದು ಮಸೀದಿಯವರ ವಿಷಯ. ಆಸ್ಟ್ರೇಲಿಯದಲ್ಲಿರುವ ಕನ್ನಡಿಗರೇ ಹೀಗೆನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಈ ದೇಶದಲ್ಲಿ ಆ ಕಾನೂನಿನ ಹೆಸರುವಾಸಿ ಎಡವಟ್ಟಿಗೆ ಸಿಕ್ಕಿಕೊಂಡವರು ಮೂಡಿಗೆರೆಯವರು.

ಹೊಸದಾಗಿ ಬಂದವರಿಗಾಗಿ ಹೇಳುತ್ತೇನೆ. ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದ ಡಾ. ಮೊಹಮ್ಮದ್ ಹನೀಫ್ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಆಗಷ್ಟೇ ಹುಟ್ಟಿದ ಮಗಳನ್ನು ನೋಡಲು ಅವರು ಬೆಂಗಳೂರಿಗೆ ಹೊರಟಿದ್ದರು. ಹಿಂದಿನ ವರ್ಷ ಇಂಗ್ಲೆಂಡ್ ಬಿಡುವಾಗ ಸಂಬಂಧಿಯೊಬ್ಬನಿಗೆ ತಮ್ಮ ಸಿಮ್ ಕಾರ್ಡ್ ಕೊಟ್ಟು ಬಂದಿದ್ದರು. ಆ ಸಂಬಂಧಿಯ ಅಣ್ಣ ಭಯೋತ್ಪಾದಕ ದಾಳಿಯಲ್ಲಿ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಜೀಪ್ ನುಗ್ಗಿಸಿದ್ದ. ಸಿಮ್ ಆ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯದಲ್ಲಿ ಹೇಳಲಾಯಿತು. ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ದೇಶ ಬಿಡುವಾಗ ಸಿಮ್, ಹಾಸಿಗೆ, ಕುಕ್ಕರ್ ಎಲ್ಲವನ್ನೂ ನೆಂಟರಿಷ್ಟರಿಗೆ ಕೊಟ್ಟು ಬರದ ಕನ್ನಡಿಗ ನಮ್ಮಲ್ಲಿ ಯಾರಿದ್ದಾರೆ?

ಕಾನೂನಿನ ಪ್ರಕಾರ ಪ್ರಶ್ನಿಸುವ ಅವಧಿ ಒಟ್ಟು 24 ಗಂಟೆ ಮೀರುವಂತಿರಲಿಲ್ಲ. ಆದರೆ ಪೊಲೀಸರು ಮಾಹಿತಿ ಕಲೆಹಾಕಲು ಕೇಳಿಕೊಳ್ಳುವ ಬಿಡುವು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಆ ಬಿಡುವಿಗೆ ಮಿತಿಯೂ ಇರಲಿಲ್ಲ. 2004ರ ತಿದ್ದುಪಡಿ ಬಿಟ್ಟ ಆ ಕಿಂಡಿಯಲ್ಲಿ ಹನೀಫ್ ಆರೋಪವಿಲ್ಲದೆ 12 ದಿನ ಕಳೆದರು. ಆಮೇಲೆ ಆರೋಪ ಹೊರಿಸಿದರು. ಜುಲೈ 16ರಂದು ಜಾಮೀನು ಸಿಕ್ಕಿತು. ಅದೇ ದಿನ ವಲಸೆ ಸಚಿವರು ನಡತೆಯ ಕಾರಣ ಮುಂದೊಡ್ಡಿ ವೀಸಾ ರದ್ದು ಮಾಡಿದರು. ಜುಲೈ 27ರಂದು ಆರೋಪವೇ ಬಿದ್ದುಹೋಯಿತು. ಮುಂದೆ ಈ ಪ್ರಕರಣದ ಬಗ್ಗೆ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ವಿಚಾರಣೆ ನಡೆಸಿದರು. 2010ರಲ್ಲಿ ಆ ಬಿಡುವಿಗೆ 7 ದಿನಗಳ ಮಿತಿ ಬಿತ್ತು, ಭದ್ರತಾ ಕಾನೂನುಗಳನ್ನು ಪರಿಶೀಲಿಸುವ ಸ್ವತಂತ್ರ ಮೇಲ್ವಿಚಾರಕರ ಹುದ್ದೆಯೂ ಹುಟ್ಟಿತು. ಹನೀಫ್ ಅವರಿಗೆ ಪರಿಹಾರವೂ ಆ ವರ್ಷವೇ ಸಿಕ್ಕಿತು.

ಇದರಲ್ಲಿ ನನ್ನನ್ನು ಕಾಡುವುದು ಬೇರೆಯೇ. ಈ ಕಾನೂನುಗಳನ್ನು ಪರಿಶೀಲಿಸಿದ ನಿವೃತ್ತ ನ್ಯಾಯಾಧೀಶ ಸೈಮನ್ ಶೆಲ್ಲರ್ ಅವರ ಸಮಿತಿ ಮುಸ್ಲಿಂ ಮತ್ತು ಅರಬ್ ಸಮುದಾಯಗಳಲ್ಲಿ ಹರಡಿದ್ದ ಭಯವನ್ನು 2006ರಲ್ಲೇ, ಅಂದರೆ ಬಂಧನಕ್ಕೆ ಮೊದಲೇ, ಬರೆದಿಟ್ಟಿತ್ತು. ಜನ ಹೇಳಿದ್ದರು, ಸರ್ಕಾರ ಕೇಳಿಸಿಕೊಂಡಿತ್ತು, ಕಿಂಡಿ ಹಾಗೆಯೇ ಇತ್ತು. ಆದ್ದರಿಂದ ಇಂಥ ಸಭೆಗಳು ಬರೀ ಶಾಸ್ತ್ರಕ್ಕೆ ಎನ್ನುವವರ ಸಿಟ್ಟು ಸುಳ್ಳಲ್ಲ. ಇನ್ನೊಂದು ಪ್ರಸಂಗವೂ ಇದೆ: 2005ರ ಭಯೋತ್ಪಾದನೆ ತಡೆ ಮಸೂದೆಯ ಕರಡನ್ನು ಗುಟ್ಟಾಗಿ ನೋಡಲು ಕೊಟ್ಟಾಗ ಕ್ಯಾನ್‌ಬೆರಾ ಪ್ರದೇಶದ ಮುಖ್ಯಮಂತ್ರಿ ಜಾನ್ ಸ್ಟ್ಯಾನ್‌ಹೋಪ್ ಅದನ್ನು ತಮ್ಮ ಜಾಲತಾಣದಲ್ಲೇ ಪ್ರಕಟಿಸಿಬಿಟ್ಟರು. ಪ್ರಧಾನಿಗೆ ಕೋಪ ಬಂತು, ಜನಕ್ಕೆ ಓದಲು ಸಿಕ್ಕಿತು. ಕರಡು ಕೈಗೆ ಸಿಗದೆ ಕೇಳುವ ಅಭಿಪ್ರಾಯಕ್ಕೆ ಅರ್ಥವಿಲ್ಲ.

ಮಕ್ಕಳ ವಿಷಯವನ್ನು ಯಾರೂ ಎತ್ತಲಿಲ್ಲ. ಚಲನವಲನ ನಿರ್ಬಂಧಿಸುವ ನಿಯಂತ್ರಣ ಆದೇಶದ ಕನಿಷ್ಠ ವಯಸ್ಸು 2016ರಲ್ಲಿ 16ರಿಂದ 14ಕ್ಕೆ ಇಳಿಯಿತು. ಗುಪ್ತಚರ ಸಂಸ್ಥೆ ಕಡ್ಡಾಯವಾಗಿ ಪ್ರಶ್ನಿಸುವ ಅಧಿಕಾರಕ್ಕೂ 2020ರ ಕೊನೆಯಲ್ಲಿ ಅದೇ ವಯಸ್ಸು ಬಂತು. ವಕೀಲರ ಹಾಜರಿಯಂಥ ರಕ್ಷಣೆಗಳಿವೆ, ನಿಜ. ಆದರೂ ಒಂಬತ್ತನೆಯ ತರಗತಿಯ ಹುಡುಗ ಮೊಬೈಲಿನಲ್ಲಿ ಏನನ್ನೋ ಹಂಚಿಕೊಂಡರೆ ಅದು ತುಂಟತನವೋ ಅಪಾಯವೋ ಎಂದು ತೀರ್ಮಾನಿಸುವವರು ಯಾರು? ಆ ಪ್ರಶ್ನೆಗೆ ಮನೆಯಲ್ಲಿ ಹದಿಹರೆಯದ ಮಕ್ಕಳಿರುವ ನಾವೆಲ್ಲರೂ ಉತ್ತರ ಬಯಸಬೇಕು. ನಮ್ಮ ಸಂಘದ ಮುಸ್ಲಿಂ ಕುಟುಂಬಗಳು ಮಕ್ಕಳಿಗೆ ಶಾಲೆಯಲ್ಲಿ ಪ್ಯಾಲೆಸ್ಟೈನ್ ಮಾತು ಬೇಡ ಎಂದು ಹೇಳಿ ಕಳಿಸುತ್ತವೆ. ಊರಿನ ಅನಾಥಾಲಯಕ್ಕೆ ಜಕಾತ್ ಕಳಿಸುವಾಗಲೂ ರಸೀದಿಗಳನ್ನು ಜೋಪಾನವಾಗಿ ಕಟ್ಟಿಡುತ್ತವೆ. ನಮಗೆ ಆ ಅಂಜಿಕೆ ಇಲ್ಲದಿರುವುದು ನಮ್ಮ ಜಾಣತನದಿಂದಲ್ಲ, ಹೆಸರಿನ ದೆಸೆಯಿಂದ.

ಸಭೆಗೆ ಹೋಗಿ "ಕನ್ನಡಿಗರು ಶಾಂತಿಪ್ರಿಯರು, ನಮ್ಮಿಂದ ತೊಂದರೆಯಿಲ್ಲ" ಎಂದು ಹಲ್ಲುಗಿಂಜಿ ಬರುವುದಾದರೆ ಹೋಗದಿರುವುದೇ ಮೇಲು. ಹಾಗೆನ್ನುವುದು ಪಕ್ಕದವರತ್ತ ಬೆರಳು ತೋರಿಸಿದ ಹಾಗೆಯೇ. ಒಬ್ಬ ಪದಾಧಿಕಾರಿಯ ಜೊತೆ ನಮ್ಮ ಬ್ಯಾರಿ ಕುಟುಂಬಗಳಿಂದ ಒಬ್ಬರು, ಹದಿಹರೆಯದ ಮಗಳೋ ಮಗನೋ ಇರುವ ತಾಯಿಯೊಬ್ಬರು ಹೋಗಲಿ. ಹಿಂದಿನ ಸುತ್ತಿನಲ್ಲಿ ಜನ ಹೇಳಿದ್ದರಲ್ಲಿ ಯಾವುದನ್ನು ಒಪ್ಪಿದಿರಿ, ಯಾವುದನ್ನು ಏಕೆ ಬಿಟ್ಟಿರಿ ಎಂದು ಬರಹದಲ್ಲಿ ಕೇಳೋಣ. ಪತ್ರದ ಕರಡನ್ನು ನಾನು ಬರೆಯುತ್ತೇನೆ. ಹೋಗಲು ಸಿದ್ಧರಿರುವವರು ಕಾರ್ಯದರ್ಶಿಗಳಿಗೆ ಈ ವಾರವೇ ಹೆಸರು ಕೊಡಿ.