ಚರ್ಚ್ ಮತ್ತು ಹವಾಮಾನ ಬದಲಾವಣೆ: ಸೋಲಾರ್‌ನಿಂದಲೇ ಶುರು ಮಾಡಬೇಕಾ?

ಸಭೆಯ ಕಾರ್ಯದರ್ಶಿ:
ನಮ್ಮ ಕಮಿಟಿಯಲ್ಲಿ ಹವಾಮಾನ ಬದಲಾವಣೆಗೆ ಚರ್ಚ್ ಕಡೆಯಿಂದ ಏನಾದರೂ ಮಾಡಬೇಕು ಅಂತ ಮಾತು ಬಂದಿದೆ. ಹೆಚ್ಚಿನವರು 5 ಕಿಲೋವ್ಯಾಟ್ ಸೋಲಾರ್ ಹಾಕಿಸೋಣ ಅನ್ನುತ್ತಾರೆ. ಕೆಲವರು ಗಿಡ ನೆಟ್ಟರೆ ಸಾಕು ಅನ್ನುತ್ತಾರೆ. ಇದು ಚರ್ಚ್ ಕೆಲಸವೇ ಅಲ್ಲ ಅನ್ನುವವರೂ ಇದ್ದಾರೆ. ಎಲ್ಲಿಂದ ಶುರು ಮಾಡುವುದು? ತಿಳಿದವರು ಹೇಳಿ.

ಮೀಟರ್ ನೋಡಿ:
ಕರೆಂಟ್ ಬಿಲ್‌ನಿಂದ ಶುರು ಮಾಡಿ ಸರ್. ಹಿಂದಿನ 12 ತಿಂಗಳ ಬಿಲ್ ತೆಗೆದು, ಚರ್ಚ್, ಹಾಲ್, ಪಾದ್ರಿಗಳ ಮನೆ ಮೂರರ ಯೂನಿಟ್ಟನ್ನೂ ಬೇರೆ ಬೇರೆ ಬರೆದಿಡಿ. ಮೂರಕ್ಕೂ ಒಂದೇ ಮೀಟರ್ ಇದ್ದರೆ ಮೊದಲು ಸಬ್‌ಮೀಟರ್ ಹಾಕಿಸಿ.

ಎಲ್ಲರ ಕಣ್ಣು ಹೋಗುವುದು ಫ್ಯಾನ್ ಮೇಲೆ. 75 ವ್ಯಾಟ್‌ನ 20 ಫ್ಯಾನ್ ಮೂರು ಗಂಟೆ ತಿರುಗಿದರೆ 4.5 ಯೂನಿಟ್, ಅದೂ ವಾರಕ್ಕೆ ಒಂದೆರಡು ಸಲ. ಗೋಪುರಕ್ಕೆ ಬೆಳಕು ಬಿಡುವ 150 ವ್ಯಾಟ್‌ನ ನಾಲ್ಕು ಫ್ಲಡ್‌ಲೈಟ್ ರಾತ್ರಿಯಿಡೀ 11 ಗಂಟೆ ಕಾಲ ಉರಿದರೆ 6.6 ಯೂನಿಟ್, ಅದು ಪ್ರತಿ ರಾತ್ರಿ. ವರ್ಷಕ್ಕೆ 2,400ರ ಹತ್ತಿರ ಹೋಗುತ್ತದೆ. ಅದನ್ನು 50 ವ್ಯಾಟ್ ಎಲ್‌ಇಡಿಗೆ ಬದಲಿಸಿ, ಟೈಮರ್ ಹಾಕಿ ಸಂಜೆ ಕತ್ತಲಾದ ಮೇಲೆ ನಾಲ್ಕು ಗಂಟೆ ಕಾಲ ಮಾತ್ರ ಉರಿಸಿದರೆ ದಿನಕ್ಕೆ 0.8 ಯೂನಿಟ್. ಗೂಬೆ, ಬಾವಲಿಗಳಿಗೂ ಒಳ್ಳೆಯದು. ಸುತ್ತಲಿನ ಮನೆಯವರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ!

ಇನ್ನು ಸೋಲಾರ್. 5 ಕಿಲೋವ್ಯಾಟ್ ಅಂದರೆ ಬಿಸಿಲು ಚೆನ್ನಾಗಿರುವ ಕಡೆ ದಿನಕ್ಕೆ ಸರಾಸರಿ 20 ಯೂನಿಟ್. ನಿಮ್ಮ ಬಳಕೆ ಇರುವುದು ಭಾನುವಾರ ಬೆಳಿಗ್ಗೆ. ಉಳಿದ ಆರು ದಿನದ ಕರೆಂಟ್ ಎಲ್ಲಿಗೆ ಹೋಗಬೇಕು? ನೆಟ್ ಮೀಟರಿಂಗ್ (ಹೊರಗೆ ಹರಿಸಿದ ಯೂನಿಟ್ಟನ್ನು ಬಿಲ್‌ನಲ್ಲಿ ಕಳೆಯುವ ವ್ಯವಸ್ಥೆ) ಸಿಗುತ್ತದೆಯೇ, ಹೊರಗೆ ಹರಿಸಿದ ಯೂನಿಟ್‌ಗೆ ಏನು ಲೆಕ್ಕ ಕೊಡುತ್ತಾರೆ ಅಂತ ವಿದ್ಯುತ್ ಕಂಪನಿಯವರನ್ನು ಬರವಣಿಗೆಯಲ್ಲಿ ಕೇಳಿ ತಿಳಿದುಕೊಂಡ ಮೇಲೇ ಅಳತೆ ನಿರ್ಧರಿಸಿ. ಪಕ್ಕದಲ್ಲಿ ಶಾಲೆಯೋ ಆಸ್ಪತ್ರೆಯೋ ಇದ್ದರೆ ಪ್ಯಾನೆಲ್ ಅದರ ಮೇಲೆ ಹಾಕುವುದೇ ಲಾಭ. ಹಗಲು ಬಳಕೆ ಇರುವುದು ಅಲ್ಲಿ.

ಆರಾಧನಾ ಸಮಿತಿ:
"ಚರ್ಚ್ ಕೆಲಸವಲ್ಲ" ಅನ್ನುವವರಿಗೆ ಆದಿಕಾಂಡ 2:15 ತೋರಿಸಿ. ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೆ, ಕಾಯುವುದಕ್ಕೆ. ಯಾಜಕಕಾಂಡ 25ರಲ್ಲಿ ಏಳನೆಯ ವರ್ಷ ಭೂಮಿಗೇ ವಿಶ್ರಾಂತಿ. ಇದು ಹೊಸ ಫ್ಯಾಷನ್ ಏನೂ ಅಲ್ಲ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು ಆರ್ಥೊಡಾಕ್ಸ್ ಪಂಗಡದ ಮುಖ್ಯ ಧರ್ಮಗುರು (ಪೇಟ್ರಿಯಾರ್ಕ್) ದಿಮಿತ್ರಿಯೋಸ್ ಘೋಷಿಸಿದ್ದು 1989ರಲ್ಲಿ. 2015ರಲ್ಲಿ ಪರಿಸರದ ಕಾಳಜಿ ಕುರಿತ 'ಲೌದಾತೊ ಸಿ' ಪರಿಪತ್ರ ಹೊರಡಿಸಿದ ಪೋಪ್ ಫ್ರಾನ್ಸಿಸ್ ಅದೇ ದಿನವನ್ನು ಕಥೋಲಿಕರಿಗೂ ತಂದರು. ಈಗ ಸೆಪ್ಟೆಂಬರ್ 1ರಿಂದ ಅಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರವರೆಗೆ ಹಲವು ಪಂಗಡಗಳು 'ಸೃಷ್ಟಿಯ ಕಾಲ' ಆಚರಿಸುತ್ತವೆ. ಆ ಐದು ವಾರದಲ್ಲಿ ಒಂದು ಪ್ರಸಂಗ, ಒಂದು ಮಧ್ಯಸ್ಥ ಪ್ರಾರ್ಥನೆ, ಜೊತೆಗೆ ಮೀಟರ್ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕುವುದು. ಅಷ್ಟರಿಂದ ಶುರುವಾಗಲಿ.

ಗಿಡದ ವಿಷಯ: ನೆಡುವ ದಿನ ಫೋಟೋಗೆ ಎಲ್ಲರೂ ಬರುತ್ತಾರೆ, ಮುಂದಿನ ಬೇಸಿಗೆಯಲ್ಲಿ ನೀರು ಹಾಕಲು ಯಾರೂ ಇರುವುದಿಲ್ಲ. ಎರಡು ವರ್ಷ ನೀರು ಹಾಕುವವರ ಹೆಸರು ಬರೆದುಕೊಳ್ಳದೆ ಗುಂಡಿ ತೋಡಬೇಡಿ. ದೊಡ್ಡ ಜಾತಿಯ ಮರವನ್ನು ಗೋಡೆ ಪಕ್ಕ, ಸಮಾಧಿಗಳ ನಡುವೆ ನೆಟ್ಟರೆ ಬೇರು ಕಲ್ಲನ್ನು ಎತ್ತುತ್ತದೆ.

ಟ್ರಸ್ಟ್ ಲೆಕ್ಕ:
ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಸಭೆಯ ಠೇವಣಿ, ಪಾದ್ರಿಗಳ ಪಿಂಚಣಿ ನಿಧಿ ಎಲ್ಲಿ ಹೂಡಿಕೆಯಾಗಿದೆ ಅಂತ ಪಟ್ಟಿ ಕೇಳಿ. ಚರ್ಚ್ ಆಫ್ ಇಂಗ್ಲೆಂಡ್‌ನ ಸಿನೋಡ್ (ಆಡಳಿತ ಸಭೆ) 2018ರಲ್ಲಿ, ಹವಾಮಾನ ಕುರಿತ ಪ್ಯಾರಿಸ್ ಒಪ್ಪಂದಕ್ಕೆ ಹೊಂದಿಕೊಳ್ಳದ ಇಂಧನ ಕಂಪನಿಗಳಿಂದ 2023ರೊಳಗೆ ಹಣ ತೆಗೆಯಬೇಕೆಂದು ತೀರ್ಮಾನಿಸಿತು. ಮೊದಲು ಷೇರುದಾರರಾಗಿ ಕಂಪನಿಗಳ ಮೇಲೆ ಒತ್ತಡ ಹಾಕಿದರು, ಸಾಲದು ಅನ್ನಿಸಿದಾಗ 2023ರಲ್ಲಿ ಶೆಲ್, ಬಿಪಿ ಸೇರಿ ದೊಡ್ಡ ತೈಲ ಕಂಪನಿಗಳಿಂದ ಹೊರಬಂದರು. ಗಡುವು ಮೊದಲೇ ಗೊತ್ತಿದ್ದದ್ದರಿಂದಲೇ ಅದು ನಡೆಯಿತು. ಗಡುವಿಲ್ಲದ ಠರಾವು ಫೈಲ್‌ನಲ್ಲೇ ಉಳಿಯುತ್ತದೆ.

ಸಭೆಯ ಕಾರ್ಯದರ್ಶಿ:
ಎಲ್ಲರಿಗೂ ಧನ್ಯವಾದ. ಫ್ಲಡ್‌ಲೈಟ್ ಲೆಕ್ಕ ನಿಜಕ್ಕೂ ಕಣ್ಣು ತೆರೆಸಿತು. ಹಾಲ್ ಮೇಲೆ ಜಾಗ ಇಲ್ಲ. ಸೋಲಾರನ್ನು ಚರ್ಚ್ ಮೇಲೇ ಹಾಕುವುದಾದರೆ ಗೋಪುರದ ನೆರಳು ತೊಂದರೆ ಕೊಡುತ್ತದಾ?

ಮೀಟರ್ ನೋಡಿ:
ಕೊಡುತ್ತದೆ. ಹಳೆಯ ಕಾಲದ ಬಹಳಷ್ಟು ಚರ್ಚ್‌ಗಳಲ್ಲಿ ಬಲಿಪೀಠ ಪೂರ್ವಕ್ಕೆ. ಅಂದರೆ ಕಟ್ಟಡದ ಉದ್ದ ಪೂರ್ವ–ಪಶ್ಚಿಮ, ಚಾವಣಿಯ ಒಂದು ಇಳಿಜಾರು ದಕ್ಷಿಣಕ್ಕೆ ಬರುತ್ತದೆ. ಉತ್ತರಾರ್ಧಗೋಳದಲ್ಲಿ ಪ್ಯಾನೆಲ್‌ಗೆ ಬೇಕಾದದ್ದೂ ಅದೇ. ಆದರೆ ಗೋಪುರ ಪಶ್ಚಿಮ ತುದಿಯಲ್ಲಿದ್ದರೆ ಮಧ್ಯಾಹ್ನದ ಮೇಲೆ ನೆರಳು ಅಲ್ಲಿಗೇ ಬೀಳುತ್ತದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಡಿಸೆಂಬರ್‌ನಲ್ಲೂ ಜೂನ್‌ನಲ್ಲೂ ಮಧ್ಯಾಹ್ನ ಮೂರರ ಹೊತ್ತಿಗೆ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ಗುರುತು ಮಾಡಿ, ಆ ಜಾಗ ಬಿಟ್ಟುಬಿಡಿ. ಬಿಡಲು ಆಗದಿದ್ದರೆ ಆ ಪ್ಯಾನೆಲ್‌ಗಳಿಗೆ ಮೈಕ್ರೋ ಇನ್ವರ್ಟರ್ (ಪ್ರತಿ ಪ್ಯಾನೆಲ್‌ಗೂ ಬೇರೆಯಾಗಿ ಕೂರಿಸುವ ಚಿಕ್ಕ ಇನ್ವರ್ಟರ್) ಹಾಕಿಸಿ.

ಹಳೆಯ ಹೆಂಚಿನ ಚಾವಣಿಯಾದರೆ ತೊಲೆಗಳು ಭಾರ ತಡೆಯುತ್ತವೆಯೇ ಅಂತ ಸ್ಟ್ರಕ್ಚರಲ್ ಇಂಜಿನಿಯರ್ ಕೈಯಲ್ಲಿ ನೋಡಿಸಿ. ಗೋಪುರ ಸಿಡಿಲಿಗೆ ಸುಲಭದ ಗುರಿ, ಹಾಗಾಗಿ ಡಿಸಿ ಕಡೆಗೂ, ಅಂದರೆ ಪ್ಯಾನೆಲ್‌ನಿಂದ ಇನ್ವರ್ಟರ್‌ಗೆ ಬರುವ ತಂತಿಗೂ, ಸರ್ಜ್ (ದಿಢೀರ್ ಏರುವ ವೋಲ್ಟೇಜ್) ರಕ್ಷಣೆ ಬೇಕೇ ಬೇಕು. ಇನ್ನೊಂದು ವಿಷಯ ಕಮಿಟಿಗೆ ಮೊದಲೇ ಹೇಳಿಬಿಡಿ: ಬ್ಯಾಟರಿ ಇಲ್ಲದೆ ಹೊರಗಿನ ಲೈನ್‌ಗೆ ಜೋಡಿಸಿದ (ಆನ್‌ಗ್ರಿಡ್) ವ್ಯವಸ್ಥೆ, ಲೈನ್ ಹೋದಾಗ ತಾನೂ ನಿಂತುಹೋಗುತ್ತದೆ. ಲೈನ್‌ಮನ್ ಸುರಕ್ಷತೆಗಾಗಿ ಅದನ್ನು ಹಾಗೇ ಮಾಡಿರುತ್ತಾರೆ. ಇದನ್ನು ಮೊದಲೇ ಹೇಳದಿದ್ದರೆ ಪ್ರಸಂಗದ ಮಧ್ಯೆ ಮೈಕ್ ಆಫ್ ಆದಾಗ "ಸೋಲಾರ್ ಇದೆಯಲ್ಲ?" ಅಂತ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.