ಅಪ್‌ಡೇಟ್: ಆಸ್ಪತ್ರೆ ವಾರ್ಡಿನ ಕನ್ನಡ ಕಲಿಸಲು ನಮಗೆ ಅವಕಾಶ ಸಿಕ್ಕಿತು

ಎಂಬಿಬಿಎಸ್ ಪಠ್ಯಕ್ರಮ ರೂಪಿಸುವಲ್ಲಿ, ಕಿರಿಯರಿಗೆ ಪಾಠ ಹೇಳುವಲ್ಲಿ ವಿದ್ಯಾರ್ಥಿಗಳಿಗೆ ಅವಕಾಶ ಸಿಗುವುದೇ ಎಂದು ಕಳೆದ ವರ್ಷ ಕೇಳಿದ್ದೆ. ಸಣ್ಣದೊಂದು ಭಾಗವನ್ನು ಹಿಡಿದು ಪ್ರಾಂಶುಪಾಲರನ್ನು ಕಾಣಿ ಎಂದು ಹಲವರು ಸಲಹೆ ನೀಡಿದ್ದಿರಿ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದಲ್ಲಿ, ಎಂಬಿಬಿಎಸ್ ಆರಂಭದಲ್ಲಿ ನಡೆಯುವ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿರುವುದರಿಂದ, ಹೊರರಾಜ್ಯಗಳಿಂದ ಬಂದ ಕಿರಿಯರಿಗೆ ವಾರ್ಡಿನ ಕನ್ನಡವನ್ನು ನಾವೇ ಕಲಿಸುತ್ತೇವೆಂದು ಬರೆದುಕೊಟ್ಟೆವು. ಕಾಲೇಜು ಒಪ್ಪಿ ಎಂಟು ತರಗತಿಗಳನ್ನು ಕೊಟ್ಟಿತು. ವರ್ಣಮಾಲೆಯಿಂದ ಆರಂಭಿಸದೆ, ‘ಹೊಟ್ಟೆ ತೊಳಸುತ್ತೆ’, ‘ಕಾಲು ಜೋಮು ಹಿಡಿಯುತ್ತೆ’, ‘ಕಣ್ಣು ಮಂಜಾಗಿದೆ’ ಎಂದು ರೋಗಿಗಳು ನಿಜವಾಗಿ ಆಡುವ ಮಾತುಗಳನ್ನೇ ಪಾಠವಾಗಿಸಿದೆವು. ಕೊನೆಯ ವಾರ ಬಿಹಾರದ ವಿದ್ಯಾರ್ಥಿನಿಯೊಬ್ಬಳು ಹಾಸಿಗೆಯ ಪಕ್ಕ ಕುಳಿತು, ‘ಯಾವಾಗಿಂದ ಉಬ್ಬಸ, ಅಜ್ಜಿ?’ ಎಂದು ಕೇಳಿ, ಉತ್ತರವನ್ನು ಯಾರ ನೆರವೂ ಇಲ್ಲದೆ ಬರೆದುಕೊಂಡಳು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಪಠ್ಯಕ್ರಮ ಸಮಿತಿಯಲ್ಲಿ ಸ್ಥಾನ ಇನ್ನೂ ಸಿಕ್ಕಿಲ್ಲ, ಆದರೆ ಮುಂದಿನ ಸಭೆಗೆ ನಮ್ಮ ವರದಿಯನ್ನು ತರಲು ಹೇಳಿದ್ದಾರೆ.