ಅವ್ವನ ವೆಂಟಿಲೇಟರ್ ತೆಗೆಯಲು ಆಗುತ್ತಿಲ್ಲ, ಡಾಕ್ಟರ್‌ಗೆ ಏನು ಕೇಳಬೇಕು?

ಸಿಂಧನೂರಿನವ:
ಅವ್ವನಿಗೆ 74 ವರ್ಷ. ನ್ಯುಮೋನಿಯಾ ಆಗಿ ರಾಯಚೂರಿನಲ್ಲಿ ಐಸಿಯುನಲ್ಲಿದ್ದಾಳೆ, ಎರಡನೇ ವಾರ. ಜ್ವರ ಬಿಟ್ಟಿದೆ, ಎಕ್ಸ್‌ರೇ ಸುಧಾರಿಸಿದೆ. ಆದರೆ ಮಷೀನ್ ಕಡಿಮೆ ಮಾಡಿದ ಕೂಡಲೇ ಏದುಸಿರು, ಬೆವರು, ಬಿಪಿ ಏರುತ್ತದೆ, ಮತ್ತೆ ಮೊದಲಿನಂತೆ ಮಷೀನಿಗೇ ಹಾಕುತ್ತಾರೆ. ಯಾಕೆ ಅಂದರೆ "ವಯಸ್ಸಾಯ್ತಲ್ಲ" ಅನ್ನುತ್ತಾರೆ. ಈಗ ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕುತ್ತೇವೆ, ಸಹಿ ಮಾಡಿ ಅಂತಾರೆ. ಮಾವ ಹೈದರಾಬಾದಿಗೆ ಒಯ್ಯೋಣ ಅಂತಿದ್ದಾನೆ. ತಲೆ ಓಡುತ್ತಿಲ್ಲರೀ.

ಐಸಿಯು ಸಿಸ್ಟರ್, ಬಳ್ಳಾರಿ:
ಬರೀ ವಯಸ್ಸು ಅನ್ನೋ ಉತ್ತರಕ್ಕೆ ಸುಮ್ಮನಾಗಬೇಡಿ. ವಯಸ್ಸಾದವರಿಗೆ ಜಾಸ್ತಿ ದಿನ ಬೇಕು, ನಿಜ. ಮಷೀನೇ ಉಸಿರಾಡಿಸಿದರೆ ಎದೆ ಕೆಳಗಿನ ವಪೆ ಸ್ನಾಯು ಕೆಲವೇ ದಿನಗಳಲ್ಲಿ ಸೊರಗುತ್ತದೆ. ಆದರೂ ಟ್ರಯಲ್ (ಮಷೀನ್ ಕಡಿಮೆ ಮಾಡಿ ಸ್ವಂತ ಉಸಿರಾಟ ನೋಡೋದು) ಫೇಲ್ ಆಗೋದಕ್ಕೆ ಹೆಚ್ಚಾಗಿ ಇನ್ನೊಂದು ಕಾರಣ ಇರುತ್ತದೆ, ಅದನ್ನು ಹುಡುಕಬೇಕು. ಮೈಯಲ್ಲಿ ನೀರು ತುಂಬಿದೆಯಾ? ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ್ದಾರಾ? ಮಷೀನ್ ಬಿಡಿಸಿದಾಗ ಹೃದಯದ ಮೇಲೆ ಭಾರ ಬೀಳುತ್ತದೆ, ನೀವು ಹೇಳಿದ ಬಿಪಿ ಓದಿ ನನಗೆ ಮೊದಲು ಅದೇ ಅನುಮಾನ ಬಂತು. ಕಫ ಎಷ್ಟಿದೆ, ಪೊಟ್ಯಾಸಿಯಂ, ಫಾಸ್ಫೇಟ್ ಸರಿ ಇವೆಯಾ ಅಂತಲೂ ಕೇಳಿ.

ನಿದ್ದೆ ಔಷಧಿ ಬಗ್ಗೆ ಮರೀಬೇಡಿ. ದಿನಾ ಬೆಳಿಗ್ಗೆ ಅದನ್ನು ನಿಲ್ಲಿಸಿ, ಎಚ್ಚರವಾದ ಮೇಲೆ 30 ನಿಮಿಷದಿಂದ 2 ಗಂಟೆ ಸ್ವಂತ ಉಸಿರಾಟದ ಪರೀಕ್ಷೆ ಮಾಡಬೇಕು. ಅಮೆರಿಕದಲ್ಲಿ 336 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇವೆರಡನ್ನೂ ಜೊತೆಗೆ ಮಾಡಿದವರು ಬೇಗ ಮಷೀನ್ ಬಿಟ್ಟರು. ಫೇಲ್ ಆದರೆ ಅವತ್ತು ಪೂರ್ತಿ ವಿಶ್ರಾಂತಿ ಕೊಟ್ಟು ಮರುದಿನ ನೋಡುತ್ತಾರೆ. ಒಂದೇ ದಿನ ಮತ್ತೆ ಮತ್ತೆ ಮಾಡಿ ದಣಿಸಬಾರದು.

ಗಂಗಾವತಿ ಹುಡುಗ:
ಅಣ್ಣಾ, ನಮ್ಮ ಅಪ್ಪನಿಗೂ ಗಂಟಲಿಗೆ ಟ್ಯೂಬ್ ಹಾಕಿದ್ದರು. ಊರಲ್ಲಿ ಎಲ್ಲರೂ "ಇನ್ನು ಮುಗೀತು" ಅಂದರು. ಅದು ಸುಳ್ಳು. ಬಾಯಿಯ ಟ್ಯೂಬ್ ತೆಗೆದ ಮೇಲೆ ನಿದ್ದೆ ಔಷಧಿ ಕಡಿಮೆ ಆಯ್ತು, ಕುರ್ಚಿಯಲ್ಲಿ ಕೂಡಿಸಿದರು, ಕಫ ತೆಗೆಯೋದು ಸುಲಭ ಆಯ್ತು. ಮೊದಲು ಮಾತು ಬರಲ್ಲ, ಅದಕ್ಕೆ ಸ್ಲೇಟು ಕೊಡಿ. ಟ್ಯೂಬ್ ತೆಗೆದ ಮೇಲೆ ಗಾಯ ತಾನೇ ಮುಚ್ಚಿಕೊಂಡಿತು. ಅವ್ವನಿಗೆ ಕನ್ನಡಕ, ಕಿವಿ ಮಷೀನ್ ಇದ್ದರೆ ಇವತ್ತೇ ಒಯ್ದು ಕೊಡಿ, ಕಾಣದೆ ಕೇಳದೆ ಮಲಗಿದರೆ ಮುದುಕರು ಗಲಿಬಿಲಿ ಆಗಿ ಟ್ಯೂಬ್ ಕಿತ್ತುಕೊಳ್ಳುತ್ತಾರೆ.

ಫಿಸಿಯೋ, ರಾಯಚೂರು:
ಹೈದರಾಬಾದ್ ವಿಚಾರ ಸ್ವಲ್ಪ ತಡೀರಿ. ವೆಂಟಿಲೇಟರ್ ಮೇಲಿದ್ದವರನ್ನು ಅಷ್ಟು ದೂರ ಒಯ್ಯೋದರಲ್ಲೇ ಅಪಾಯ ಇದೆ, ಇಲ್ಲಿ ಆಗದ್ದು ಅಲ್ಲೇನು ಆಗುತ್ತೆ ಅಂತ ಮೊದಲು ಕೇಳಿ. ಇನ್ನೊಂದು, ಅವ್ವ ಕಟ್ಟಿಗೆ ಒಲೆ ಮುಂದೆ ಅಡುಗೆ ಮಾಡಿದವರಾ? ಬೀಡಿ ಸೇದದಿದ್ದರೂ ಆ ಹೊಗೆಯಿಂದ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಏದುಸಿರು ಬರೋ ದೀರ್ಘಕಾಲದ ಕಾಯಿಲೆ, ಬರಬಹುದು. ಹಾಗಿದ್ದರೆ ಟ್ಯೂಬ್ ತೆಗೆದ ಕೂಡಲೇ ಬೈಪ್ಯಾಪ್ ಮಾಸ್ಕ್ (ಮುಖಕ್ಕೆ ಕಟ್ಟಿ ಒತ್ತಡದಿಂದ ಗಾಳಿ ಕೊಡೋದು) ಹಾಕಿದರೆ ಮತ್ತೆ ಟ್ಯೂಬ್ ಹಾಕೋದು ತಪ್ಪಬಹುದು. ಉಸಿರುಗಟ್ಟಿದ ಮೇಲೆ ಹಾಕೋದು ತಡ ಆಗುತ್ತೆ.

ಸಿಂಧನೂರಿನವ:
ಒಲೆ ಮುಂದೇ ಜೀವನ ಕಳೆದಾಳರೀ, ಅದನ್ನು ಯಾರೂ ಕೇಳಿರಲೇ ಇಲ್ಲ. ಕಾಲು ಬಾತಿವೆ ಅಂದೆ, ಎಕೋ ಬರೆದಿದ್ದಾರೆ, ನೀರು ಇಳಿಯೋ ಇಂಜೆಕ್ಷನ್ ಶುರು ಮಾಡಿದ್ದಾರೆ. ಸಹಿ ನಾಳೆ ಟ್ರಯಲ್ ನೋಡಿದ ಮೇಲೆ ಅಂದಿದ್ದೇನೆ, ಒಪ್ಪಿದ್ದಾರೆ. ಸಿಸ್ಟರ್, ಟ್ರಯಲ್ ಟೈಮಲ್ಲಿ ನಾನು ಪಕ್ಕದಲ್ಲಿ ನಿಲ್ಲಬಹುದಾ?

ಐಸಿಯು ಸಿಸ್ಟರ್, ಬಳ್ಳಾರಿ:
ಕೇಳಿ ನೋಡಿ, ಬಹಳ ಕಡೆ ಬಿಡುತ್ತಾರೆ. ಕೈ ಹಿಡ್ಕೊಳ್ಳಿ, ಆದರೆ ಮಾನಿಟರ್ ನೋಡುತ್ತಾ ಗಾಬರಿ ಮುಖ ಮಾಡಬೇಡಿ. ಅವರು ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ.